ದೀರ್ಘವಿಲ್ಲದ ನೆಲ

ಮೊನ್ನೆ ಇಬ್ಬರು ತರುಣ ಉಪಾಧ್ಯಾಯರು ನನ್ನನ್ನು ನೋಡಲು ಬಂದಿದ್ದರು. ಎರಡು ಶಾಲೆಗಳು ಒಂದೇ ತರಗತಿಯನ್ನು ಹಂಚಿಕೊಂಡು ನಡೆಸುವ ಏರ್ಪಾಡು ಅವರ ಕಡೆ ಶುರುವಾಗುತ್ತಿದೆಯಂತೆ. ಒಬ್ಬ ಮೇಷ್ಟ್ರು, ಒಂದೇ ಪಾಠ, ಒಂದೇ ಪರೀಕ್ಷೆ, ಊರು ಮಾತ್ರ ಎರಡು. ಹಿಂದೆ ಯಾರೂ ಮಾಡಿರದ ಕೆಲಸ ಇದು ಎಂಬ ಹುಮ್ಮಸ್ಸಿನಲ್ಲಿದ್ದರು. ನಾನು ನಕ್ಕುಬಿಟ್ಟೆ. ಅವರ ಮುಖ ಸಪ್ಪಗಾಯಿತು. ಅವರು ಹೋದ ಮೇಲೆ ನಕ್ಕಿದ್ದು ತಪ್ಪೆನ್ನಿಸಿತು. ಯಾಕೆ ನಕ್ಕೆ ಎಂಬುದನ್ನಾದರೂ ಬರೆದು ಕಳಿಸೋಣವೆಂದು ಕೂತಿದ್ದೇನೆ.

ನನಗೆ ಯಾವ ವರ್ಷ ಯಾವ ದರ್ಜೆ ಸಿಕ್ಕಿತು, ಯಾವ ಸಾಹೇಬರು ಬೆನ್ನು ತಟ್ಟಿದರು ಎಂಬುದನ್ನು ಇಲ್ಲಿ ಹುಡುಕಬೇಡಿ. ಅದೆಲ್ಲ ಕಚೇರಿಯ ರಿಜಿಸ್ಟರಿನಲ್ಲಿ ಧೂಳು ತಿನ್ನುತ್ತ ಕೂತಿರುತ್ತದೆ. ರಿಜಿಸ್ಟರಿಗೆ ಹತ್ತದೆ ಹೋದದ್ದನ್ನು ಹೇಳುತ್ತೇನೆ. ಮೇಷ್ಟ್ರು ಇಲ್ಲದ ಕಡೆ ಅವನ ಪಾಠ ಏನಾಗುತ್ತದೆ? ಈ ಒಂದು ಪ್ರಶ್ನೆ ನನ್ನ ತಲೆಯನ್ನು ಎಷ್ಟು ತಿಂದಿದೆಯೆಂದರೆ, ನಿವೃತ್ತನಾದ ಮೇಲೂ ಬಿಟ್ಟಿಲ್ಲ.

ಈ ಇಪ್ಪತ್ತನೆಯ ಶತಮಾನ ಶುರುವಾಗಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ನಾನು ಚಳ್ಳಕೆರೆಗೆ ಗಣಿತದ ಮೇಷ್ಟ್ರಾಗಿ ಬಂದೆ. ಹುಟ್ಟಿ ಬೆಳೆದದ್ದು ಮೈಸೂರಿನ ಹತ್ತಿರ. ಕನ್ನಡ ಬಿಟ್ಟರೆ ಒಂದಿಷ್ಟು ಇಂಗ್ಲಿಷು, ಪರೀಕ್ಷೆಗೆ ಬೇಕಾದಷ್ಟು ಸಂಸ್ಕೃತ. ನನ್ನ ಕನ್ನಡದ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು. ಚಳ್ಳಕೆರೆಯ ಹುಡುಗರು ‘ಐತೆ’ ಎಂದರೆ ತಿದ್ದುತ್ತಿದ್ದೆ. ಅವರು ಆ ಹೊತ್ತಿಗೆ ‘ಇದೆ’ ಎಂದು ಹೇಳಿ, ಬಾಗಿಲು ದಾಟಿದ ಕೂಡಲೇ ‘ಐತೆ’ಗೆ ಮರಳುತ್ತಿದ್ದರು. ಇದನ್ನು ನಾನು ಅಶಿಸ್ತು ಎಂದುಕೊಂಡಿದ್ದೆ.

ಆ ವರ್ಷ ಜಮೀನಳತೆಯ ತರಗತಿ ಶುರುವಾಯಿತು. ಶಾಲೆ ಮುಗಿಸಿದ ದೊಡ್ಡ ಹುಡುಗರಿಗೆ ಹೊಲ ಅಳೆಯುವುದು, ನಕ್ಷೆ ಬರೆಯುವುದು, ಗುಂಟೆ ಎಕರೆ ಲೆಕ್ಕ ಹಾಕುವುದು ಕಲಿಸಬೇಕು. ತೇರ್ಗಡೆಯಾದವರಿಗೆ ಸರ್ವೆ ಇಲಾಖೆಯಲ್ಲೋ ಶಾನುಭೋಗರ ಕೈಕೆಳಗೋ ಕೆಲಸ ಸಿಗುವ ಭರವಸೆಯಿತ್ತು. ಚಳ್ಳಕೆರೆಯವರು ತಮಗೆ ಬೇಕೆಂದರು, ಮೊಳಕಾಲ್ಮೂರಿನವರೂ ತಮಗೆ ಬೇಕೆಂದರು. ಸರ್ಕಾರದ ಹತ್ತಿರ ಇದ್ದದ್ದು ಒಂದೇ ಅಳತೆ ಸರಪಳಿ, ಒಬ್ಬನೇ ಮೇಷ್ಟ್ರು. ಆ ಮೇಷ್ಟ್ರು ನಾನು.

ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಕುದುರೆಯ ಮೇಲೆ ಬಂದು, ಇಳಿಯುವ ಮೊದಲೇ ಕೆಲಸದ ಮಾತು ಶುರು ಮಾಡುವ ಮನುಷ್ಯ. ಉದ್ದದ ಕಾಗದ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಎರಡು ಸಾಲಿಗಿಂತ ಹೆಚ್ಚಿದ್ದರೆ ಮೂರನೆಯ ಸಾಲು ಓದುವುದಿಲ್ಲವೆಂದು ಬಾಯಿಬಿಟ್ಟು ಹೇಳುತ್ತಿದ್ದರು. ಅವರು, ‘ಮೂರು ದಿನ ಇಲ್ಲಿ, ಮೂರು ದಿನ ಅಲ್ಲಿ’ ಎಂದು ತೀರ್ಮಾನ ಕೊಟ್ಟರು.

‘ದಾರಿಗೇ ಎರಡು ದಿನ ಬೇಕಲ್ಲ ಸ್ವಾಮಿ,’ ಎಂದೆ. ಮೂವತ್ತು ಮೈಲಿ, ಎತ್ತಿನ ಗಾಡಿ.

ಅವರು ಸ್ವಲ್ಪ ಹೊತ್ತು ಕುದುರೆಯ ಕತ್ತು ಸವರಿದರು. ‘ಹಾಗಾದರೆ ಹದಿನೈದು ದಿನ ಇಲ್ಲಿ, ಹದಿನೈದು ದಿನ ಅಲ್ಲಿ. ನೀವು ಇಲ್ಲದ ಹದಿನೈದು ದಿನಕ್ಕೆ ಪಾಠ ಬರೆದು ಟಪಾಲಿಗೆ ಹಾಕಿ. ಅಲ್ಲಿ ಯಾರಾದರೂ ಓದಿ ಹೇಳುತ್ತಾರೆ. ಊರಿಂದೂರಿಗೆ ಪಾಠ ನಡೆಯಬೇಕು, ಮೇಷ್ಟ್ರು ನಡೆಯಬೇಕೆಂದೇನಿಲ್ಲ.’

ಮೊಳಕಾಲ್ಮೂರಿನಲ್ಲಿ ಓದಿ ಹೇಳುವವರು ತಿಪ್ಪಯ್ಯ ಮೇಷ್ಟ್ರು. ಅಲ್ಲಿನ ಶಾಲೆಯ ಕಿರಿಯ ಉಪಾಧ್ಯಾಯರು, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಹಿರಿಯರು. ಸಣಕಲು ಮೈ, ಮಾತು ಕಡಿಮೆ. ನಾನು ಒಂದು ಹಾಳೆ ಕೊಟ್ಟರೆ ಎರಡು ಕೈಯಲ್ಲಿ ಹಿಡಿದು ಒಂದೊಂದು ಅಕ್ಷರವನ್ನೂ ಬಾಯಲ್ಲಿ ಆಡಿಸಿಕೊಂಡು ಓದುತ್ತಿದ್ದರು. ಬರವಣಿಗೆಯಲ್ಲಿ ಅವರ ಕನ್ನಡ ನನ್ನದಕ್ಕಿಂತಲೂ ಗ್ರಾಂಥಿಕವಾಗಿತ್ತು. ಮನೆಯಲ್ಲಿ ಏನು ಮಾತಾಡುತ್ತಾರೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಕಡೆಯ ಅನೇಕ ಮನೆಗಳಲ್ಲಿ ತೆಲುಗು ಎಂಬುದು ಗೊತ್ತಿತ್ತು. ಪಾಠ ಮಾತ್ರ ಕನ್ನಡದಲ್ಲೇ ನಡೆಯತಕ್ಕದ್ದೆಂದು ಗೋಡೆಯ ಮೇಲೆ ಹಾಕಿದ್ದ ಸುತ್ತೋಲೆ ಹೇಳುತ್ತಿತ್ತು. ಸುತ್ತೋಲೆ ಇದ್ದ ಮೇಲೆ ಹಾಗೆಯೇ ನಡೆಯುತ್ತದೆ ಎಂದುಕೊಳ್ಳುವ ವಯಸ್ಸು ನನ್ನದು.

ಏರ್ಪಾಡು ಚೆನ್ನಾಗಿಯೇ ಹೊರಟಿತು. ನಾನು ಚಳ್ಳಕೆರೆಯಲ್ಲಿ ಕೂತು ಪಾಠದ ಹಾಳೆ ಬರೆಯುತ್ತಿದ್ದೆ, ಟಪಾಲಿನವನು ಒಯ್ಯುತ್ತಿದ್ದ. ಅದೇ ಚೀಲದಲ್ಲಿ ಮೊಳಕಾಲ್ಮೂರಿನ ಎಂಟು ವಿದ್ಯಾರ್ಥಿಗಳ ಸಂದೇಹಗಳು ತಿಪ್ಪಯ್ಯನವರ ಮುದ್ದಾದ ಅಕ್ಷರದಲ್ಲಿ ಬರುತ್ತಿದ್ದವು. ನಾನೇ ಅಲ್ಲಿಗೆ ಹೋದ ಹದಿನೈದು ದಿನ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು, ಸಂದೇಹ ಮಾತ್ರ ಚೀಲದಲ್ಲೇ ಬರುತ್ತಿತ್ತು. ಚಳ್ಳಕೆರೆಯ ಹುಡುಗರು ಸಂದೇಹ ಕೇಳುತ್ತಲೇ ಇರಲಿಲ್ಲ. ಅವರದು ಚಪ್ಪಟೆ ಎರೆಹೊಲ, ಸರಪಳಿ ಎಳೆದರೆ ಅದರಷ್ಟಕ್ಕೆ ಅದು ಹೋಗಿ ಬೀಳುತ್ತಿತ್ತು. ಮೊಳಕಾಲ್ಮೂರಿನವರಿಗೆ ಸುತ್ತ ಕಲ್ಲು ಗುಡ್ಡ. ‘ಬಂಡೆಯ ಮೇಲೆ ಗೂಟ ಹೊಡೆಯುವುದು ಹೇಗೆ?’ ‘ಹೊಲದ ನಡುವೆ ಮನೆಯಷ್ಟು ದೊಡ್ಡ ಕಲ್ಲಿದ್ದರೆ ಅದೂ ಹೊಲವೇ?’ ‘ಕುರಿಮಂದೆ ಸರಪಳಿಯ ಮೇಲೆ ನಡೆದುಹೋದರೆ ಮತ್ತೆ ಮೊದಲಿನಿಂದ ಅಳೆಯಬೇಕೋ?’ ಇವಕ್ಕೆ ಉತ್ತರ ನನ್ನ ಪುಸ್ತಕದಲ್ಲಿರಲಿಲ್ಲ. ಆ ಚೀಲ ಬರುವ ದಿನ ನಾನು ಊಟ ಬಿಟ್ಟು ಕಾಯುತ್ತಿದ್ದೆನೆಂದರೆ ಉತ್ಪ್ರೇಕ್ಷೆಯಲ್ಲ.

ಒಮ್ಮೆ ಬಂದ ಪ್ರಶ್ನೆ ಹೀಗಿತ್ತು: ‘ನಮ್ಮ ಶಾಲೆಯ ಬಯಲು ಬೆಳಿಗ್ಗೆ ದೊಡ್ಡದು, ಮಧ್ಯಾಹ್ನ ಚಿಕ್ಕದು. ಕಾರಣ ತಿಳಿಸಬೇಕು.’ ನನಗೆ ಗಾಬರಿಯಾಯಿತು. ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ನೆನಪಾಯಿತು, ಸರಪಳಿ ಚಳ್ಳಕೆರೆಯಲ್ಲೇ ಇತ್ತು. ಕಳಿಸಲು ಮರೆತವನು ನಾನೇ. ಅವರು ಸುಮ್ಮನೆ ಕೂರದೆ ಪುಂಡಿ ನಾರಿನ ಹಗ್ಗಕ್ಕೆ ಗಂಟು ಹಾಕಿ, ಅದನ್ನೇ ಸರಪಳಿ ಮಾಡಿಕೊಂಡಿದ್ದರು. ಚಳಿಗಾಲದ ಇಬ್ಬನಿಗೆ ಹಗ್ಗ ನೆಂದು ಗಿಡ್ಡವಾಗುತ್ತಿತ್ತು, ಬಿಸಿಲಿಗೆ ಒಣಗಿ ಮತ್ತೆ ಸಡಿಲವಾಗುತ್ತಿತ್ತು. ಅಳತೆಗೋಲೇ ಕುಗ್ಗಿದರೆ ಬಯಲು ಹಿಗ್ಗದೆ ಏನು ಮಾಡುತ್ತದೆ? ಕಾರಣ ಬರೆದು ಕಳಿಸಿದೆ. ಮುಂದಿನ ಚೀಲದಲ್ಲಿ ಉತ್ತರ ಬಂತು: ‘ಹಗ್ಗಕ್ಕೆ ಎಣ್ಣೆ ಹಚ್ಚಿದ್ದೇವೆ. ಈಗ ಬಯಲು ಇಡೀ ದಿನ ಒಂದೇ ಸಮ ಇದೆ.’ ಅದನ್ನು ಕಂಡುಕೊಂಡವನು ಪಾಲಯ್ಯನೆಂದು ತಿಪ್ಪಯ್ಯನವರು ಕೆಳಗೆ ಬರೆದಿದ್ದರು. ಪಾಲಯ್ಯ ದೇವಸಮುದ್ರದ ಕಡೆಯ ಕುರಿ ಸಾಕುವ ಮನೆಯವನು. ಆಗಲೇ ಮೀಸೆ ಬಂದಿತ್ತು. ಆ ಎಂಟು ಜನರಲ್ಲಿ ಅವನೇ ಹಿರಿಯ.

ಹೀಗೆ ವರ್ಷ ತುಂಬುತ್ತ ಬಂತು. ಪರೀಕ್ಷೆಗೆ ಮೊದಲು ಸಾಹೇಬರು ಒಂದು ಷರತ್ತು ಹಾಕಿದರು. ಈ ಏರ್ಪಾಡು ಒಂದು ವರ್ಷದ ಪ್ರಯೋಗ. ಎರಡು ಊರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ದಿನ, ಒಂದೇ ಗಂಟೆ. ಯಾವ ಊರು ಬಿದ್ದುಹೋಗುತ್ತದೋ ಆ ಊರಿನ ತರಗತಿ ಬಂದ್. ಇನ್ನೊಂದು ಮಾತನ್ನೂ ಸೇರಿಸಿದರು: ‘ನಿಮ್ಮ ಪಾಠದ ಹಾಳೆ ನೋಡಿದೆ ಮೇಷ್ಟ್ರೇ. ಎಲ್ಲಿ ನೋಡಿದರೂ ಭೂಮಿ, ಜಮೀನು, ಕ್ಷೇತ್ರ. ಪ್ರಶ್ನೆಯನ್ನಾದರೂ ಮನೆಮಾತಿನ ಕನ್ನಡದಲ್ಲಿ ಬರೆಯಿರಿ. ಹಳ್ಳಿಯವರಿಗೆ ತಿಳಿಯಲಿ.’

ನನಗೆ ಮಾತು ಸರಿಯೆನಿಸಿತು. ಜಮೀನಳತೆಯ ಪತ್ರಿಕೆಯ ಮುಖ್ಯ ಪ್ರಶ್ನೆಯನ್ನು ಮೂರು ಸಲ ತಿದ್ದಿ ಬರೆದೆ. ಕೊನೆಗೆ ಹೀಗಾಯಿತು: ‘ಎಲ್ಲ ನೆಲವೂ ಒಂದೇ ಸಮ ಇರುತ್ತದೆಯೇ? ಇಲ್ಲದಿದ್ದರೆ ಲೆಕ್ಕ ಹಾಕುವಾಗ ಏನು ಮಾಡಬೇಕು?’ ಏರುತಗ್ಗಿನ ಹೊಲದಲ್ಲಿ ಸರಪಳಿಯನ್ನು ಇಳಿಜಾರಿಗೆ ಬಿಡದೆ ಮಟ್ಟಸವಾಗಿ ಹಿಡಿದು ಅಳೆಯಬೇಕೆಂಬುದು ಉತ್ತರ. ಗುಡ್ಡದ ಪಕ್ಕದ ಹುಡುಗರಿಗೆ ಅದು ನೀರು ಕುಡಿದಷ್ಟು ಸುಲಭ. ನಿಜ ಹೇಳುತ್ತೇನೆ, ಅವರ ಮೇಲಿನ ಪ್ರೀತಿಗೇ ಆ ಪ್ರಶ್ನೆ ಹಾಕಿದ್ದೆ.

ಮೊದಲ ದಿನ ಜಮೀನಳತೆ, ಮರುದಿನ ಅಂಕಗಣಿತ. ಎರಡೂ ಪತ್ರಿಕೆಗಳ ಅರಗು ಮುದ್ರೆಯ ಲಕೋಟೆಗಳು ಮೊದಲೇ ತಿಪ್ಪಯ್ಯನವರ ಕೈಸೇರಿದ್ದವು. ಪರೀಕ್ಷೆ ನೋಡಿಕೊಳ್ಳುವವರು ಪ್ರಶ್ನೆಯ ಯಾವ ಪದವನ್ನೂ ಬಿಡಿಸಿ ಹೇಳಬಾರದೆಂದು ಲಕೋಟೆಯ ಮೇಲೆ ನನ್ನ ಕೈಯಾರೆ ಬರೆದಿದ್ದೆ.

ಎರಡು ದಿನ ಬಿಟ್ಟು ಮೊಳಕಾಲ್ಮೂರಿನ ಜಮೀನಳತೆಯ ಉತ್ತರಗಳು ಬಂದವು. ಸಾಹೇಬರು ಅಂದು ಚಳ್ಳಕೆರೆಯಲ್ಲೇ ಇದ್ದರು, ನನ್ನ ಪಕ್ಕದಲ್ಲೇ ಕೂತು ನೋಡಿದರು. ಪಾಲಯ್ಯನ ಉತ್ತರ: ‘ಎಲ್ಲ ನೆಲವೂ ಒಂದೇ ಸಮ ಇರುವುದಿಲ್ಲ. ಕೆಲವು ನೆಲಕ್ಕೆ ಮೂವತ್ತು ದಿನ, ಕೆಲವಕ್ಕೆ ಮೂವತ್ತೊಂದು. ಫೆಬ್ರವರಿ ಇಪ್ಪತ್ತೆಂಟು. ಲೆಕ್ಕ ಹಾಕುವಾಗ ಯಾವುದೆಂದು ನೋಡಿಕೊಂಡು ಹಾಕಬೇಕು.’ ನನಗೆ ತಲೆಬುಡ ತಿಳಿಯಲಿಲ್ಲ. ಎರಡನೆಯವನದೂ ಹಾಗೆಯೇ. ಮೂರನೆಯವನದೂ ಅಷ್ಟೇ. ಎಂಟರಲ್ಲಿ ಏಳು ಹೀಗಿದ್ದವು. ಒಬ್ಬನದು ಮಾತ್ರ ಸರಿಯಿತ್ತು.

ಸಾಹೇಬರು ಕೈಚೀಲದಿಂದ ಮರುದಿನದ ಅಂಕಗಣಿತದ ಪತ್ರಿಕೆ ತೆಗೆದು ಮುಂದಿಟ್ಟರು. ಅದರಲ್ಲಿ ಒಂದು ಪ್ರಶ್ನೆ ಇತ್ತು, ವರ್ಷದ ಯಾವ ಯಾವ ತಿಂಗಳಿಗೆ ಎಷ್ಟು ದಿನ ಎಂದು.

‘ಗೊತ್ತಾಯಿತಲ್ಲ,’ ಎಂದರು. ‘ನಿಮ್ಮ ತಿಪ್ಪಯ್ಯ ಎರಡನೇ ಲಕೋಟೆ ಮೊದಲೇ ಒಡೆದಿದ್ದಾನೆ. ಉತ್ತರ ಸಿದ್ಧ ಮಾಡಿ ಹೇಳಿ ಬರೆಸಿದ್ದಾನೆ. ಗಡಿಬಿಡಿಯಲ್ಲಿ ಎರಡನೇ ದಿನದ ಉತ್ತರ ಮೊದಲ ದಿನದ ಹಾಳೆಗೆ ಬಿದ್ದಿದೆ.’

‘ತಿಪ್ಪಯ್ಯನೋರು ಹಾಗೆ ಮಾಡೋರಲ್ಲ ಸ್ವಾಮಿ.’

‘ಏಳು ತಲೆಗೆ ಒಂದೇ ಹುಚ್ಚು ತನ್ನಷ್ಟಕ್ಕೆ ಹತ್ತುತ್ತದೆಯೇ? ನೀವು ಗಣಿತದವರು, ಹೇಳಿ.’

ನಾನು ಗಣಿತದವನು. ಹತ್ತುವುದಿಲ್ಲ ಎಂದೆ. ಅವರು ವರದಿ ಬರೆದು ನನ್ನ ಮುಂದೆ ಇಟ್ಟರು. ಎಂದಿನಂತೆ ಎರಡೇ ಸಾಲು. ತಿಪ್ಪಯ್ಯ ಎಂಬ ಉಪಾಧ್ಯಾಯ ಪ್ರಶ್ನೆಪತ್ರಿಕೆ ಒಡೆದು ಉತ್ತರ ಬರೆಸಿದ್ದಾನೆ, ವಿಚಾರಣೆ ಮುಗಿಯುವವರೆಗೆ ಅವನನ್ನು ಕೆಲಸದಿಂದ ನಿಲ್ಲಿಸಿ ತರಗತಿ ಮುಚ್ಚತಕ್ಕದ್ದು. ಪ್ರಶ್ನೆ ಬರೆದವನ ಸಹಿ ಬೇಕಿತ್ತು. ನಾನು ಸಹಿ ಹಾಕಿದೆ.

ಹತ್ತು ದಿನ ಕಳೆಯಿತು. ಮೊಳಕಾಲ್ಮೂರಿನಿಂದ ಚೀಲ ಬರುವುದು ನಿಂತಿತ್ತು. ನನಗೆ ತಿಪ್ಪಯ್ಯನವರ ಮೇಲೆ ಕೋಪ ಬರುತ್ತಿತ್ತು, ಕೋಪದ ಬೆನ್ನಿಗೇ ಏನೋ ಕಿರಿಕಿರಿ. ಲಕೋಟೆ ಒಡೆಯುವಷ್ಟು ಚಾಲಾಕಿ ಮನುಷ್ಯ ಯಾವ ಉತ್ತರ ಯಾವ ದಿನದ್ದೆಂದು ಮರೆಯುತ್ತಾನೆಯೇ? ಒಂದೊಂದು ಅಕ್ಷರವನ್ನೂ ಬಾಯಲ್ಲಿ ಆಡಿಸಿ ಓದುವವರು ಆ ತಪ್ಪು ಮಾಡುತ್ತಾರೆಯೇ? ಲೆಕ್ಕ ತಾಳೆಯಾಗುತ್ತಿರಲಿಲ್ಲ.

ಆ ಹೊತ್ತಿನಲ್ಲಿ ಚಳ್ಳಕೆರೆಯ ಉತ್ತರಗಳನ್ನು ಕಟ್ಟಿಡಲು ಎತ್ತಿಕೊಂಡೆ. ಅವನ್ನು ಪರೀಕ್ಷೆಯ ಮರುದಿನವೇ ಅಂಕ ಹಾಕಿ ಬದಿಗಿಟ್ಟಿದ್ದೆ. ಹೆಚ್ಚು ಕಡಿಮೆ ಎಲ್ಲರೂ ಸರಿಯಾಗಿಯೇ ಬರೆದಿದ್ದರು. ಓಬಣ್ಣ ಎಂಬವನಿಗೆ ಮಾತ್ರ ಮೊದಲ ಸಾಲಿಗೇ ಸೊನ್ನೆ ಕೊಟ್ಟು ಮುಂದೆ ಓದದೆ ಬಿಟ್ಟಿದ್ದೆ. ಅವನು ಹಿಂದಿನ ಬೆಂಚಿನವನು, ವರ್ಷವಿಡೀ ನನ್ನೆದುರು ಬಾಯಿ ತೆರೆದವನಲ್ಲ. ದಡ್ಡನೆಂದು ಹಣೆಪಟ್ಟಿ ಕಟ್ಟಿದ್ದೆ. ಹಾಳೆ ಮಡಚುವಾಗ ಕಣ್ಣು ಹಾಯಿಸಿದೆ. ‘ಕೆಲವು ನೆಲಕ್ಕೆ ಮೂವತ್ತು, ಕೆಲವಕ್ಕೆ ಮೂವತ್ತೊಂದು.’

ನಾನು ಹಾಳೆ ಹಿಡಿದು ಅಲ್ಲೇ ಕೂತುಬಿಟ್ಟೆ. ಓಬಣ್ಣ ಬರೆದದ್ದು ನನ್ನ ಕಣ್ಣೆದುರಿಗೆ. ಚಳ್ಳಕೆರೆಯ ಅಂಕಗಣಿತದ ಲಕೋಟೆ ನನ್ನ ಪೆಟ್ಟಿಗೆಯಲ್ಲಿತ್ತು, ಬೀಗದ ಕೈ ನನ್ನ ಜನಿವಾರದಲ್ಲಿತ್ತು. ಮೊಳಕಾಲ್ಮೂರಿನ ತಿಪ್ಪಯ್ಯ ಮೂವತ್ತು ಮೈಲಿ ಆಚೆಯಿಂದ ಇವನಿಗೆ ಹೇಳಿ ಬರೆಸಲು ಸಾಧ್ಯವಿರಲಿಲ್ಲ.

ಓಬಣ್ಣನನ್ನು ಕರೆಸಿದೆ. ಬೈಯಲು ಕರೆದರೆಂದುಕೊಂಡು ಬಾಗಿಲಲ್ಲೇ ನಿಂತ.

‘ಏನಯ್ಯಾ ಇದು? ಏನಂತ ಬರೆದಿದ್ದೀಯೆ?’

‘ತಿಂಗಳಿಗೆ ಎಷ್ಟು ದಿನ ಅಂತ ಬರ್ದೀನಿ ಸ್ವಾಮಿ.’

‘ತಿಂಗಳು ಅಂತ ಎಲ್ಲಿ ಕೇಳಿದ್ದೀನಿ?’

ಅವನು ಹತ್ತಿರ ಬಂದು ಪ್ರಶ್ನೆಪತ್ರಿಕೆಯ ಮೇಲೆ ಬೆರಳಿಟ್ಟ. ‘ಇಲ್ಲೈತಲ್ಲ ಸ್ವಾಮಿ. ನೆಲ.’

‘ನೆಲ ಅಂದರೆ ಭೂಮಿ ಕಣೋ.’

‘ಅದು ನೇಲ ಸ್ವಾಮಿ. ನಮ್ಮನ್ಯಾಗೆ ತೆಲುಗು. ಭೂಮಿಗೆ ನೇಲ ಅಂತೀವಿ, ಎಳೆದು ಹೇಳ್ಬೇಕು. ನೆಲ ಅಂದ್ರೆ ತಿಂಗಳು. ಇಲ್ಲಿ ದೀರ್ಘ ಇರ್ಲಿಲ್ಲ. ಎರಡು ಸಲ ನೋಡ್ದೆ.’

‘ಯಾಕೋ ಒಂದು ಮಾತು ಕೇಳಲಿಲ್ಲ ನನ್ನನ್ನ?’

‘ತೆಲುಗು ಮಾತಾಡಿದ್ರೆ ಬೈತೀರಲ್ಲ ಸ್ವಾಮಿ.’

ಹೌದು, ಬೈಯುತ್ತಿದ್ದೆ. ಇಡೀ ವರ್ಷ ಭೂಮಿ, ಜಮೀನು ಎಂದು ಪಾಠ ಬರೆದಿದ್ದೆ. ಆ ಪದಗಳು ಎರಡು ಭಾಷೆಗೂ ಒಂದೇ, ಅವರಿಗೆ ತೊಡಕಾಗಿರಲಿಲ್ಲ. ಸುಲಭ ಮಾಡಲು ಹೋಗಿ ನೆಲ ಎಂದು ಬರೆದೆ. ಆ ಹುಡುಗರು ನನ್ನ ಪ್ರಶ್ನೆಯನ್ನು ನನಗಿಂತ ಎಚ್ಚರವಾಗಿ ಓದಿದ್ದರು. ದೀರ್ಘವಿದೆಯೋ ಇಲ್ಲವೋ ಎಂದು ನೋಡಿ ಬರೆದಿದ್ದರು. ನನಗೆ ನಾಚಿಕೆಯಾಯಿತು, ಜೊತೆಗೆ, ಹೇಳಿದರೆ ನಗುತ್ತೀರಿ, ತಡೆಯಲಾರದ ಖುಷಿಯೂ ಆಯಿತು. ಲೆಕ್ಕ ತಾಳೆಯಾಗಿತ್ತು. ಆ ಖುಷಿ ಮೊಳಕಾಲ್ಮೂರಿನ ಗಾಡಿ ಹತ್ತುವವರೆಗೆ ಇತ್ತು. ಹತ್ತಿ ಕೂತ ಮೇಲೆ ಎರಡು ದಿನದ ದಾರಿಯುದ್ದಕ್ಕೂ ನನ್ನ ಸಹಿಯೇ ಕಣ್ಣ ಮುಂದೆ ಬಂತು.

ತಿಪ್ಪಯ್ಯನವರ ಮನೆ ಮೊಳಕಾಲ್ಮೂರಿನ ನೇಕಾರರ ಬೀದಿಯ ಕೊನೆಯಲ್ಲಿತ್ತು. ನನ್ನನ್ನು ಕಂಡು ಎದ್ದು ನಿಂತರು, ಚಾಪೆ ಹಾಕಿದರು. ಒಳಗಿಂದ ಅವರ ತಾಯಿ ಏನೋ ಕೇಳಿದರು, ಅವರು ತೆಲುಗಿನಲ್ಲಿ ಉತ್ತರ ಕೊಟ್ಟರು. ಕೊಟ್ಟ ಮೇಲೆ ನನ್ನ ಮುಖ ನೋಡಿದರು. ನಾನು ಓಬಣ್ಣನ ಹಾಳೆಯ ಕತೆ ಹೇಳಿದೆ, ಸಹಿಯ ಮಾತು ಮಾತ್ರ ಬಾಯಿಗೆ ಬರಲಿಲ್ಲ.

‘ನನಗೆ ಅವತ್ತೇ ಗೊತ್ತಾಗಿತ್ತು ಸ್ವಾಮಿ,’ ಎಂದರು ತಿಪ್ಪಯ್ಯನವರು. ‘ಪಾಲಯ್ಯ ಎದ್ದು ನಿಂತು ಕೇಳ್ದ, ನೆಲನೋ ನೇಲನೋ ಅಂತ. ಪದ ಬಿಡಿಸಿ ಹೇಳ್ಬಾರ್ದು ಅಂತ ನೀವು ಬರ್ದಿದ್ರಲ್ಲ. ಸುಮ್ನೆ ಕುಂದ್ರು ಅಂತ ಸನ್ನೆ ಮಾಡ್ದೆ.’

‘ಇದನ್ನು ಸಾಹೇಬರಿಗೆ ಹೇಳಬಹುದಾಗಿತ್ತಲ್ಲ.’

‘ಏನಂತ ಹೇಳ್ಲಿ? ಹುಡುಗ್ರು ತೆಲುಗಲ್ಲಿ ಯೋಚ್ನೆ ಮಾಡ್ತಾರೆ ಅಂದ್ರೆ, ವರ್ಷ ಪೂರ್ತಿ ನೀವೇನು ಹೇಳಿಕೊಟ್ರಿ ಅಂತ ಕೇಳ್ತಿದ್ರು. ನಿಮ್ಮ ಹಾಳೇನ ಮೊದ್ಲು ಕನ್ನಡದಾಗೆ ಓದ್ತಿದ್ದೆ. ಯಾರ ಮುಖದಾಗೂ ಏನೂ ಕಾಣ್ತಿರ್ಲಿಲ್ಲ. ಆಮ್ಯಾಗೆ ತೆಲುಗಲ್ಲಿ ಹೇಳ್ತಿದ್ದೆ. ಆಗ ಪ್ರಶ್ನೆ ಕೇಳಾಕೆ ಶುರು ಮಾಡೋರು. ಅವನ್ನೇ ಕನ್ನಡಕ್ಕೆ ತಿರುಗಿಸಿ ನಿಮಗೆ ಕಳಿಸ್ತಿದ್ದೆ.’

ನಾನು ಊಟ ಬಿಟ್ಟು ಕಾಯುತ್ತಿದ್ದ ಆ ಪ್ರಶ್ನೆಗಳೆಲ್ಲ ತೆಲುಗಿನಲ್ಲಿ ಹುಟ್ಟಿದವು. ಹೇಳಿ ಬರೆಸಿದನೆಂಬ ಅಪವಾದ ಹೊತ್ತರೆ ಕೆಲಸ ಹೋಗುತ್ತದೆ, ಸುತ್ತೋಲೆ ಮೀರಿದೆನೆಂದು ಒಪ್ಪಿಕೊಂಡರೂ ಕೆಲಸ ಹೋಗುತ್ತದೆ. ಒಪ್ಪಿಕೊಂಡರೆ ಹುಡುಗರಿಗೂ ತೆಲುಗಿನವರೆಂಬ ಮಾತು ಅಂಟುತ್ತದೆ, ಮುಂದೆ ಈ ಊರಿಗೆ ಯಾವ ತರಗತಿಯೂ ಬರುವುದಿಲ್ಲ ಎಂದು ಅವರು ಬಾಯಿ ಮುಚ್ಚಿಕೊಂಡಿದ್ದರು.

ನಾನೊಂದು ಉಪಾಯ ಹೇಳಿದೆ. ಓಬಣ್ಣನ ಹಾಳೆ ಒಂದನ್ನೇ ಸಾಹೇಬರಿಗೆ ತೋರಿಸುವುದು, ನೆಲ ಎಂಬ ಪದದ ಗೊಂದಲ ವಿವರಿಸುವುದು. ತೆಲುಗಿನಲ್ಲಿ ಪಾಠ ನಡೆದ ಮಾತೇ ಎತ್ತುವುದು ಬೇಡ. ತಿಪ್ಪಯ್ಯನವರು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ನಾನು ಸಾಹೇಬರಿಗೆ ಅಲ್ಲಿಂದಲೇ ಕಾಗದ ಹಾಕಿದೆ: ‘ತಪ್ಪು ಪ್ರಶ್ನೆಯಲ್ಲಿದೆ. ಪ್ರಶ್ನೆ ನನ್ನದು, ದಯವಿಟ್ಟು ಮೊಳಕಾಲ್ಮೂರಿಗೆ ಬರಬೇಕು.’ ಎರಡು ಸಾಲು ದಾಟಲಿಲ್ಲ.

ಐದನೆಯ ದಿನ ರಾಂಪುರದ ಕಡೆಯಿಂದ ಕುದುರೆ ಬಂತು. ಸಾಹೇಬರು ಓಬಣ್ಣನ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಎಂಟು ಜನರನ್ನೂ ಕರೆಸಿ ಶಾಲೆಯ ಹಿಂದಿನ ಕಲ್ಲುಗುಡ್ಡದ ಬುಡಕ್ಕೆ ಕರೆದೊಯ್ದರು. ನಾನು ತಂದಿದ್ದ ಸರಪಳಿಯನ್ನು ಪಾಲಯ್ಯನ ಕೈಗೆ ಕೊಟ್ಟು, ಇಳಿಜಾರಿನ ಒಂದು ತುಂಡು ಹೊಲ ತೋರಿಸಿ, ‘ಅಳೆ’ ಎಂದರು.

ಪಾಲಯ್ಯ ಮೇಲಿನ ಬದುವಿನಲ್ಲಿ ನಿಂತ. ಕೆಳಗಿನವನು ಸರಪಳಿಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದ. ಇನ್ನೊಬ್ಬ ದಾರಕ್ಕೆ ಕಲ್ಲು ಕಟ್ಟಿ ಸರಪಳಿಯ ತುದಿಯಿಂದ ಇಳಿಬಿಟ್ಟು, ಕಲ್ಲು ತಾಗಿದ ಕಡೆ ಗುರುತು ಹಾಕಿದ. ಮೆಟ್ಟಿಲು ಮೆಟ್ಟಿಲಾಗಿ ಇಳಿದರು. ಅಲ್ಲಿ ಬಂಡೆ ಬಂದರೆ ಗೂಟದ ಬದಲು ಸುಣ್ಣದಲ್ಲಿ ಗೆರೆ ಎಳೆದರು. ಸುಣ್ಣದ ಗೆರೆ ನನ್ನ ಯಾವ ಹಾಳೆಯಲ್ಲೂ ಇರಲಿಲ್ಲ. ಸಾಹೇಬರು ತಾವೇ ಮತ್ತೆ ಅಳೆಸಿ ನೋಡಿದರು, ಲೆಕ್ಕ ಕೂಡಿತು.

‘ಸರಿ,’ ಎಂದರು. ‘ನಕಲಿನ ಮಾತು ಇಲ್ಲಿಗೆ ಬಿಟ್ಟೆ. ಪ್ರಶ್ನೆಯದೇ ತಪ್ಪು. ಹೋಗೋಣ.’

ನಾನು ಸರಪಳಿ ಸುತ್ತಿಕೊಳ್ಳತೊಡಗಿದೆ. ಅಷ್ಟರಲ್ಲಿ ತಿಪ್ಪಯ್ಯನವರು ಮುಂದೆ ಬಂದು ನಿಂತರು.

‘ಇನ್ನೊಂದು ಐತೆ ಸ್ವಾಮಿ. ಇವರಿಗೆ ಪಾಠ ನಾನು ತೆಲುಗಲ್ಲಿ ಹೇಳಿಕೊಟ್ಟೀನಿ.’

ಆ ಎಂಟು ಜನರೂ ನೆಲ ನೋಡತೊಡಗಿದರು. ನಾನು ತಿಪ್ಪಯ್ಯನವರ ಅಂಗಿ ಹಿಡಿದು ಎಳೆಯುವುದೊಂದು ಬಾಕಿ.

‘ಸುತ್ತೋಲೆ ಓದಿಲ್ಲವೇ?’ ಎಂದರು ಸಾಹೇಬರು.

‘ಗೋಡೆಗೆ ಅಂಟಿಸ್ದೋನೇ ನಾನು ಸ್ವಾಮಿ.’

‘ಈಗ ಯಾಕೆ ಹೇಳುತ್ತಿದ್ದೀರಿ? ಯಾರೂ ಕೇಳಲಿಲ್ಲವಲ್ಲ.’

‘ಈಗ ನೋಡಿದ್ರಲ್ಲ, ಹೆಂಗ್ ಅಳೆದ್ರು ಅಂತ. ಅದು ಹೆಂಗ್ ಬಂತು ಅಂತ ತಿಳೀದೇ ಹೋದ್ರೆ ಬರೋ ವರ್ಷನೂ ಬರೀ ಹಾಳೆ ಬರ್ತೈತೆ. ಇವರಿಗೆ ಏನೂ ತಿಳಿಯಂಗಿಲ್ಲ.’

ಸಾಹೇಬರು ಪಾಠದ ಹಾಳೆಗಳನ್ನು ತರಿಸಿದರು. ಅವು ನನ್ನವೇ ಹಾಳೆಗಳು, ಆದರೆ ನನಗೇ ಗುರುತು ಸಿಗಲಿಲ್ಲ. ಸಾಲು ಸಾಲಿನ ನಡುವೆ ಸಣ್ಣ ಅಕ್ಷರದಲ್ಲಿ ತೆಲುಗು. ನಾನು ಮಾವಿನ ತೋಪು ಅಳೆಯುವ ಉದಾಹರಣೆ ಕೊಟ್ಟಿದ್ದ ಕಡೆ ಅವರು ಅಂಚಿನಲ್ಲಿ ಕಲ್ಲು ಹೊಲದ ಚಿತ್ರ ಬರೆದಿದ್ದರು. ಇಡೀ ಹೋಬಳಿಯಲ್ಲಿ ಮಾವಿನ ತೋಪೇ ಇರಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು. ಕೆಲವು ಕಡೆ ನನ್ನ ಲೆಕ್ಕದ ತಪ್ಪನ್ನು ಸದ್ದಿಲ್ಲದೆ ತಿದ್ದಿದ್ದರು. ಅದನ್ನು ನನಗೆ ಒಮ್ಮೆಯೂ ಬರೆದಿರಲಿಲ್ಲ. ಮೇಷ್ಟ್ರು ಇಲ್ಲದ ಕಡೆ ಪಾಠ ಏನಾಗುತ್ತದೆ ಎಂಬ ನನ್ನ ಕುತೂಹಲಕ್ಕೆ ಉತ್ತರ ಆ ಕಂತೆಯಲ್ಲಿತ್ತು. ನಾನು ನಿಂತಲ್ಲೇ ಓದತೊಡಗಿದೆ, ಸಾಹೇಬರು ಎರಡು ಸಲ ಕರೆದದ್ದೂ ಕೇಳಿಸಲಿಲ್ಲ.

ಸಾಹೇಬರ ತೀರ್ಮಾನವೂ ಎರಡೇ ಸಾಲಿನದು. ತಿಪ್ಪಯ್ಯ ಮತ್ತೆ ಕೆಲಸಕ್ಕೆ ಬರತಕ್ಕದ್ದು, ತರಗತಿ ಮುಂದುವರಿಯತಕ್ಕದ್ದು. ಮುಂದಿನ ಪ್ರಶ್ನೆಪತ್ರಿಕೆ ಇಬ್ಬರು ಮೇಷ್ಟ್ರುಗಳೂ ಓದಿ ಒಪ್ಪಿದ ಮೇಲೆ ಹೊರಡತಕ್ಕದ್ದು. ತೆಲುಗಿನ ವಿಚಾರ ಅವರು ಬರೆಯಲೇ ಇಲ್ಲ. ಮೂರನೆಯ ಸಾಲು ಆಗುತ್ತಿತ್ತೇನೋ. ಸುತ್ತೋಲೆ ಗೋಡೆಯ ಮೇಲೆ ಇದ್ದ ಹಾಗೇ ಇತ್ತು, ತಿಪ್ಪಯ್ಯನವರು ಕಲಿಸುತ್ತಿದ್ದ ಹಾಗೇ ಕಲಿಸಿದರು. ಏಳು ಜನರಿಗೂ ಅಂಕ ಸಿಕ್ಕಿತು, ಸರಿ ಬರೆದಿದ್ದ ಎಂಟನೆಯವನ ಮನೆಮಾತು ಕನ್ನಡವೆಂದು ಆಮೇಲೆ ತಿಳಿಯಿತು. ಚಳ್ಳಕೆರೆಯಲ್ಲಿ ಓಬಣ್ಣನ ಸೊನ್ನೆಯನ್ನು ನಾನೇ ಹೊಡೆದುಹಾಕಿದೆ.

ತರುಣ ಮಿತ್ರರೇ, ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ನೀವು ಮಾಡಹೊರಟ ಕೆಲಸದಲ್ಲಿ ನೀವು ಕಾಣದ ಇನ್ನೊಬ್ಬ ಮೇಷ್ಟ್ರು ಇರುತ್ತಾರೆ. ಅವರಿಗಾಗಿ ಇದನ್ನೂ ಬರೆಯಬೇಕು.

ಮರುದಿನ ಬೆಳಿಗ್ಗೆ ನಾನು ಚಳ್ಳಕೆರೆಗೆ ಹೊರಟಾಗ ತಿಪ್ಪಯ್ಯನವರು ಗಾಡಿಯವರೆಗೆ ಬಂದರು. ಶಾಲೆಯ ಬಾಗಿಲು ತೆರೆದಿತ್ತು, ಹುಡುಗರು ಒಳಗೆ ಕೂತಿದ್ದರು. ನಾನು ಕ್ಷಮೆ ಕೇಳಿದೆ, ಮನಸ್ಸಿನಿಂದಲೇ ಕೇಳಿದೆ. ಅವರು ಎತ್ತಿನ ಕೊರಳ ಹಗ್ಗ ಸರಿಮಾಡುತ್ತ ನಿಂತರು.

‘ಆ ವರದೀಲಿ ನಿಮ್ಮ ಸಹಿ ಇತ್ತಂತಲ್ಲ ಸ್ವಾಮಿ.’

‘ಇತ್ತು ತಿಪ್ಪಯ್ಯನೋರೆ.’

‘ಸಾಹೇಬ್ರು ಅವಸರದೋರು. ಮುಂದೆ ಇಟ್ಟಿರ್ತಾರೆ, ನೀವು ಹಾಕಿರ್ತೀರಿ. ಓದಿರಾಕಿಲ್ಲ ಅಂತ ಮನ್ಯಾಗೆ ಹೇಳ್ದೆ.’

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಅವರೇ ಬಾಗಿಲು ತೆರೆದು ಕೊಟ್ಟಿದ್ದರು. ಆದರೆ ಹಿಂದಿನ ದಿನ ಗುಡ್ಡದ ಬುಡದಲ್ಲಿ, ಯಾರೂ ಕೇಳದಿದ್ದರೂ, ಕೆಲಸ ಹೋಗುವುದೆಂದು ಗೊತ್ತಿದ್ದೂ ನಿಜ ಹೇಳಿದ ಮನುಷ್ಯನ ಎದುರಿಗೆ ನನ್ನ ನಾಲಿಗೆ ಸುಳ್ಳಿಗೆ ಹೊರಳಲಿಲ್ಲ.

‘ಓದಿದ್ದೆ,’ ಎಂದೆ.

ತಿಪ್ಪಯ್ಯನವರು ಹಗ್ಗ ಬಿಟ್ಟು ಕೈ ಒರೆಸಿಕೊಂಡರು.

‘ಬರ್ತೀನಿ ಸ್ವಾಮಿ,’ ಎಂದರು. ‘ತರಗತಿ ಐತೆ.’